ನೀಲಗಿರಿ ನೀರು ಮಿಂದ ಮರಿ

ನಾನು ಚಿಕ್ಕವನಿದ್ದಾಗ ಮಾಡದಕೆರೆಯ ಹತ್ತಿರ ನಮ್ಮದೊಂದು ಕುರಿಹಟ್ಟಿ ಇತ್ತು. ಪಕ್ಕದಲ್ಲೇ ನೀಲಗಿರಿ ತೋಪು. ಬಿಸಿಲು ಏರಿದಂತೆ ಅದರ ಘಾಟು ಗಾಳಿಯಲ್ಲಿ ಬಂದು ಮೂಗು ಬಿಡಿಸುತ್ತಿತ್ತು. ಕಂಡಕಂಡ ಸೊಪ್ಪಿಗೆಲ್ಲ ಬಾಯಿ ಹಾಕುವ ನಮ್ಮ ಕುರಿಗಳು ಆ ಎಲೆಯನ್ನು ಮಾತ್ರ ಮೂಸಿ ಬಿಟ್ಟುಬಿಡುತ್ತಿದ್ದವು.

ಆ ವರ್ಷ ಅಪ್ಪ ಒಂದು ಕರಿಮರಿಯನ್ನು ನಿನ್ನದು ಅಂತ ನನಗೆ ಕೊಟ್ಟಿದ್ದ. ಹುಟ್ಟಿ ಹತ್ತು ದಿನ ಆಗಿರಲಿಲ್ಲ, ಆಗಲೇ ಅದರ ಕಿವಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿಗಳು ಕಚ್ಚಿಕೊಂಡು, ರಕ್ತ ಹೀರಿ ಜೋಳದ ಕಾಳಿನಂತೆ ಊದಿದ್ದವು. ನೀಲಗಿರಿ ನೀರಿಗೆ ಉಣ್ಣಿ ಬಿಡುತ್ತವೆ ಎಂದಳು ಅಕ್ಕ. ಇಬ್ಬರೂ ಒಂದು ಬುಟ್ಟಿ ಎಲೆ ಕಿತ್ತು ತಂದು ಕುದಿಸಿದೆವು. ನೀರು ಚಹಾದ ಬಣ್ಣಕ್ಕೆ ತಿರುಗಿತು, ಉಗಿಗೆ ಕಣ್ಣು ಉರಿಯಿತು. ಬಟ್ಟೆ ಅದ್ದಿ ಉಣ್ಣಿ ಇರುವ ಕಡೆ ಒರೆಸು ಎಂದಷ್ಟೇ ಅಕ್ಕ ಹೇಳಿದ್ದು. ನಾನು ನೀರು ಆರಿದ ಮೇಲೆ ಮರಿಗೆ ತಲೆಯಿಂದ ಬಾಲದವರೆಗೆ ಸ್ನಾನವನ್ನೇ ಮಾಡಿಸಿಬಿಟ್ಟೆ.

ಉಣ್ಣಿ ಒಂದೊಂದೇ ಉದುರಿದವು. ಬೀಗುತ್ತಾ ಮರಿಯನ್ನು ತಾಯಿಯ ಬಳಿ ಬಿಟ್ಟೆ. ತಾಯಿ ಅದರ ಬಾಲ ಮೂಸಿತು. ಮತ್ತೊಮ್ಮೆ ಮೂಸಿತು. ಆಮೇಲೆ ತಲೆ ತಗ್ಗಿಸಿ ಗುದ್ದಿತು. ಮರಿ ಬಿದ್ದು, ಎದ್ದು, ಮತ್ತೆ ಕೆಚ್ಚಲಿಗೆ ಹೋದರೆ ಮತ್ತೆ ಗುದ್ದು. ಮಧ್ಯಾಹ್ನದವರೆಗೆ ಒಂದು ಗುಟುಕು ಹಾಲು ಸಿಗದೆ ಅದರ ಕೂಗು ಸಣ್ಣದಾಯಿತು. ನಾನೂ ಅಳತೊಡಗಿದೆ.

ಅಪ್ಪ ಬಂದವನೇ ಮರಿಯನ್ನೆತ್ತಿ ಮೂಸಿದ. "ಲೇ, ಇದನ್ನ ಮದ್ವಿಗೆ ಕರ್ಕಂಡು ಹೊಂಟಿದ್ದೇನ್ಲಾ? ಕುರಿ ತನ್ನ ಮರೀನ ಕಣ್ಣಾಗೆ ಗುರ್ತು ಹಿಡಿಯಲ್ಲ ಕಣಪ್ಪ, ಮೂಗ್ನಾಗೆ ಹಿಡಿತೈತೆ."

"ಸತ್ತೋಗ್ತೈತಾ ಅಪ್ಪ?"

"ಅಳಾದ್ ಬಿಟ್ಟು ತಾಯಿನ ಗಟ್ಟಿಯಾಗಿ ಹಿಡ್ಕ."

ಅಪ್ಪ ಅದೇ ಎಲೆನೀರಿನಲ್ಲಿ ಬಟ್ಟೆ ಅದ್ದಿ ತಾಯಿಯ ಮೂಗಿನ ಸುತ್ತ ಒರೆಸಿದ. ಅದರ ಹಾಲನ್ನೇ ಅಂಗೈಗೆ ಹಿಂಡಿ ಮರಿಯ ಬೆನ್ನಿಗೆ, ಬಾಲಕ್ಕೆ ಸವರಿದ. ತಾಯಿ ಜೋರಾಗಿ ಸೀನಿತು. ಈಗ ಅದಕ್ಕೆ ಲೋಕವೆಲ್ಲ ನೀಲಗಿರಿ. ಮರಿ ಹೆದರುತ್ತಲೇ ಕೆಚ್ಚಲಿಗೆ ಬಾಯಿ ಹಾಕಿತು. ತಾಯಿ ಗುದ್ದಲಿಲ್ಲ. ಪುಟ್ಟ ಬಾಲ ಪಟಪಟನೆ ಆಡಿತು. ಸಂಜೆ ಘಾಟು ಇಳಿದ ಮೇಲೆ ತಾಯಿಯೇ ಮರಿಯನ್ನು ಕೂಗಿ ಕರೆಯಿತು.

ಮೊಮ್ಮಕ್ಕಳೇ, ನಿಮಗೆ ನೆಗಡಿಯಾದರೆ ಅಮ್ಮ ಸೀಸೆಯಿಂದ ಎರಡು ಹನಿ ನೀಲಗಿರಿ ಎಣ್ಣೆ ಕರ್ಚೀಫಿಗೆ ಹಾಕಿಕೊಡುತ್ತಾಳೆ. ಆ ಎಣ್ಣೆಯಲ್ಲಿ ಸಿನಿಯೋಲ್ ಎಂಬುದಿದೆ, ಘಾಟು ಅದರದ್ದೇ, ಹುಳಗಳಿಗೆ ಅದು ಆಗದು ಎಂದು ಮೊನ್ನೆ ನಿಮ್ಮ ದೊಡ್ಡಕ್ಕ ಕಾಲೇಜು ಪುಸ್ತಕ ತೆರೆದು ತೋರಿಸಿದಳು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ಆ ಹೆಸರನ್ನು ಅವಳಿಂದಲೇ ಕಲಿತೆ. ಆದರೆ ಆ ನೀರು ಮಿಂದ ಮರಿಯನ್ನು ತಾಯಿ ಹತ್ತಿರ ಸೇರಿಸುವುದಿಲ್ಲ ಎಂಬುದು ಆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ.