ಅಪ್ಪನ ಮೊಬೈಲಿಗೆ ಬರುವ ನಂಬರು

ಸೋಲದೇವನಹಳ್ಳಿಯ ಕಾಲೇಜೊಂದರ ಆಫೀಸಿನಲ್ಲಿ ವಿದ್ಯಾರ್ಥಿವೇತನದ ಕೆಲಸ ನನ್ನದು. ಸರ್ಕಾರದ ಹಣ ಮಕ್ಕಳ ಖಾತೆಗೆ ಹೋಗುವ ಮೊದಲು, ಅರ್ಜಿ ಹಾಕಿದವರು ನಿಜವಾಗಿ ನಮ್ಮಲ್ಲಿ ಓದುತ್ತಿದ್ದಾರೆಯೇ, ಅವರ ತಂದೆ ತಾಯಿ ಯಾರು, ಮನೆಯ ಆದಾಯ ಹೇಳಿದಷ್ಟೇ ಇದೆಯೇ ಎಂದು ಪರಿಶೀಲಿಸಿ ಕಂಪ್ಯೂಟರಿನಲ್ಲಿ ಒಪ್ಪಿಗೆ ಕೊಡಬೇಕು. ಇಲ್ಲದ ಮಕ್ಕಳ ಹೆಸರಿನಲ್ಲಿ ಹಣ ಎತ್ತಿದವರ ಸುದ್ದಿ ಅಲ್ಲಿ ಇಲ್ಲಿ ಕೇಳಿಬಂದ ಮೇಲೆ ನಿಯಮಗಳು ವರ್ಷ ವರ್ಷಕ್ಕೂ ಬಿಗಿಯಾದವು. ಅದು ತಪ್ಪೆಂದು ನಾನು ಹೇಳಲಾರೆ. ಆದರೆ ನಿಯಮ ಬರೆದವರು ಎಲ್ಲ ಬಗೆಯ ಮನೆಗಳನ್ನೂ ನೋಡಿರುವುದಿಲ್ಲ.

ಆ ಹುಡುಗಿ ಮೊದಲ ವರ್ಷದ ಬಿಕಾಂಗೆ ಸೇರಿದಾಗ ಅವಳ ಅರ್ಜಿ ನನ್ನ ಟೇಬಲ್ಲಿನ ಮೇಲೆ ನಿಂತುಹೋಯಿತು. ತಂದೆಯ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಂದು ಒಟಿಪಿ ಹೋಗುತ್ತದೆ. ಆ ನಂಬರು ಹಾಕದೆ ಅರ್ಜಿ ಮುಂದೆ ಸರಿಯುವುದಿಲ್ಲ. ಅಪ್ಪ ಅಮ್ಮನನ್ನು ಕರೆದುಕೊಂಡು ಬಾ ಎಂದೆ. ಮರುದಿನ ತಾಯಿ ಒಬ್ಬಳೇ ಬಂದಳು. ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಆರಿಸುವ ಕೆಲಸ ಅವಳದು. ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಳು. ಮಾತು ಕೇಳಿದ ಕೂಡಲೇ ನಮ್ಮ ಕಡೆಯವಳೇ ಎಂದು ಗೊತ್ತಾಯಿತು. ನಾನೂ ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಈ ಊರಿಗೆ ಬಂದವಳು.

"ಯಜಮಾನ್ರು ಎಲ್ಲಿ ಅದಾರ?" ಎಂದು ಕೇಳಿದೆ.

"ದೇವ್ರಿಗೇ ಗೊತ್ತು ಬಾಯಾರ. ಏಳು ವರ್ಷದ ಹಿಂದ ಸೋಲಾಪುರಕ್ಕ ಹೋಗಿ ಬರ್ತೀನಂತ ಲಾರಿ ಹತ್ತಿದವ್ರು. ಹೊಳ್ಳಿ ಬರಲೇ ಇಲ್ಲ."

"ಕೋರ್ಟಿಗೇನರ ಹೋಗಿದ್ದಿ ಏನು?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಕೋರ್ಟಿಗ್ಯಾಕ ಹೋಗ್ಲಿರಿ? ನಮ್ಮಿಬ್ಬರದು ಜಗಳಾನ ಆಗಿಲ್ಲ."

ತಂದೆ ತೀರಿಕೊಂಡಿದ್ದರೆ ಮರಣ ಪತ್ರ ಸಾಕು. ಬೇರೆಯಾಗಿದ್ದರೆ ಕೋರ್ಟಿನ ಆದೇಶ ಸಾಕು. ಸುಮ್ಮನೆ ಒಂದು ದಿನ ಮನೆಗೆ ಬರುವುದನ್ನು ನಿಲ್ಲಿಸಿದ ತಂದೆಗೆ ಮಾತ್ರ ಯಾವ ಕಾಗದವೂ ಇಲ್ಲ. ಇಲಾಖೆಗೆ ಫೋನ್ ಮಾಡಿ ಕೇಳಿದೆ. "ಬದುಕಿದ್ರೆ ಒಟಿಪಿ ಬೇಕೇ ಬೇಕು ಮೇಡಂ" ಎಂದರು. ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಕೆಲಸಕ್ಕೆ ಹೋದಳು.

ಸಂಜೆ ಆಫೀಸು ಮುಚ್ಚುವ ಹೊತ್ತಿಗೆ ಹುಡುಗಿ ಒಬ್ಬಳೇ ಬಂದು ಬಾಗಿಲಲ್ಲಿ ನಿಂತಳು.

"ಮೇಡಂ, ಅಪ್ಪ ಗೊರಗುಂಟೆಪಾಳ್ಯದಲ್ಲೇ ಇದಾರೆ."

ನಾನು ಬೆಚ್ಚಿದೆ. ಅವಳು ದಿನಾ ಯಶವಂತಪುರದಿಂದ ಬಸ್ಸಿನಲ್ಲಿ ಬರುವವಳು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸು ಎಷ್ಟೋ ಹೊತ್ತು ನಿಲ್ಲುತ್ತದೆ. ಅಲ್ಲೇ ರಸ್ತೆ ಬದಿ ಲಗೇಜ್ ಆಟೋಗಳು ಸಾಲಾಗಿ ನಿಂತಿರುತ್ತವೆ. ಪಿಯುಸಿಗೂ ಇದೇ ದಾರಿಯಲ್ಲಿ ಬರುವಾಗ ಒಂದು ಬೆಳಿಗ್ಗೆ, ಆ ಸಾಲಿನಲ್ಲಿ ಅಪ್ಪ ಟೀ ಕುಡಿಯುತ್ತ ನಿಂತಿದ್ದು ಕಂಡಿತಂತೆ. ಆಮೇಲೆ ಬಹಳ ಸಲ ಕಂಡಿತಂತೆ.

"ಇಳಿದು ಮಾತಾಡ್ಸಲಿಲ್ವಾ?"

"ಇಲ್ಲ ಮೇಡಂ. ಒಂದಿನ ಅವ್ರ ಆಟೋದಲ್ಲಿ ಒಂದು ಪಾಪು ಕೂತಿತ್ತು. ಅಮ್ಮನಿಗೆ ಹೇಳ್ಬೇಡಿ."

ಒಬ್ಬಳೇ ಹೋಗಲು ಅವಳಿಗೆ ಧೈರ್ಯವಿರಲಿಲ್ಲ. ಶನಿವಾರ ಮಧ್ಯಾಹ್ನ ನಾನೂ ಜೊತೆಗೆ ಹೋದೆ. ಆಟೋದವರನ್ನು ಕೇಳಿದಾಗ ಊಟಕ್ಕೆ ಹೋಗಿದ್ದಾನೆ ಎಂದು ಹಿಂದಿನ ಗಲ್ಲಿಯ ಮನೆ ತೋರಿಸಿದರು. ಮಹಡಿಯ ಮೇಲೆ ಎರಡು ಕೋಣೆಯ ಮನೆ. ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಅವನು ಉಣ್ಣುತ್ತಿದ್ದ. ತಲೆಯೆತ್ತಿ ಮಗಳನ್ನು ಕಂಡವನೇ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ. ಕಾಲೇಜಿನಿಂದ ಬಂದಿದ್ದೇವೆ, ಒಂದು ಸಹಾಯ ಬೇಕಿತ್ತು ಎಂದೆ.

ಒಳಗಿನಿಂದ ಹೆಂಗಸಿನ ದನಿ ಬಂತು. "ಯಾರ್ರೀ ಬಂದಿರೋದು?"

"ಕಾಲೇಜ್ ಕಡೆಯವ್ರು ಕಣೇ" ಎಂದ. "ನಮ್ಮೂರ ಕಡೆ ಹುಡುಗಿ, ಇಲ್ಲೇ ಓದ್ತಾ ಇದಾಳೆ. ಏನೋ ಸಹಾಯ ಬೇಕಿತ್ತಂತೆ."

ನನ್ನ ಪಕ್ಕದಲ್ಲಿ ನಿಂತಿದ್ದ ಹುಡುಗಿ ಅಷ್ಟರಲ್ಲಿ ಬಾಯಿ ತೆರೆದಿದ್ದಳು. 'ಅ' ಎಂಬಷ್ಟು ಹೊರಗೆ ಬಂದೂ ಬಿಟ್ಟಿತ್ತು. ಅಲ್ಲಿಗೆ ನಿಲ್ಲಿಸಿ, "ಅಂಕಲ್, ನಿಮ್ಮ ಮೊಬೈಲಿಗೆ ಒಂದು ಒಟಿಪಿ ಬರುತ್ತೆ. ಸ್ವಲ್ಪ ಹೇಳ್ತೀರಾ?" ಎಂದಳು.

ಒಳಗಿನಿಂದ ಬಂದ ಹೆಂಗಸು ಸಣ್ಣ ವಯಸ್ಸಿನವಳು. ನಮಗೆ ಚಾಪೆ ಹಾಸಿದಳು, ಬೇಡವೆಂದರೂ ಟೀ ಇಟ್ಟಳು. "ಒಟಿಪಿ ಯಾರಿಗೂ ಹೇಳ್ಬಾರ್ದು ಅಂತಾರಲ್ರೀ" ಎಂದು ಗಂಡನಿಗೆ ನೆನಪಿಸಿದಳು. "ಗೊತ್ತಿರೋರೇ ಕಣೇ" ಎಂದು ಅವನು ಫೋನ್ ಹಿಡಿದುಕೊಂಡು ಕಾದ. ಅವರ ಪುಟ್ಟ ಮಗಳು ಬಂದು ನಮ್ಮ ಹುಡುಗಿಯ ತೊಡೆಯ ಮೇಲೆ ಕೂತು, ಅವಳ ಜಡೆ ಬಿಚ್ಚಿ ಮತ್ತೆ ಹೆಣೆಯಲು ನೋಡಿತು. ಇಬ್ಬರ ಕಿವಿಯೂ ಒಂದೇ ಥರ, ಸ್ವಲ್ಪ ಮುಂದಕ್ಕೆ ಬಾಗಿದ ಕಿವಿ. ನಾನು ಬೇರೆ ಕಡೆ ನೋಡಿದೆ.

"ಇವ್ಳೂ ನಿಮ್ಮ ಥರ ಓದ್ಬೇಕಮ್ಮಾ" ಎಂದಳು ಆಕೆ, ಮಗುವನ್ನು ತೋರಿಸಿ. "ಓದ್ತಾಳೆ ಆಂಟಿ" ಎಂದು ಹುಡುಗಿ ನಕ್ಕಳು.

ಒಟಿಪಿ ಬಂತು. ನನ್ನ ಮೊಬೈಲಿನಲ್ಲೇ ಹಾಕಿ ಕೆಲಸ ಮುಗಿಸಿದೆ. ನಾವು ಮೆಟ್ಟಿಲಿಳಿದು ಗಲ್ಲಿಯ ತಿರುವಿಗೆ ಬರುವಷ್ಟರಲ್ಲಿ ಅವನು ಹಿಂದಿನಿಂದ ಓಡಿಬಂದ. ಕೈ ಇನ್ನೂ ತೊಳೆದಿರಲಿಲ್ಲ. ಮನೆಯಲ್ಲಿ ಬೆಂಗಳೂರಿನವರಂತೆ ಆಡುತ್ತಿದ್ದ ಮಾತು ಇಲ್ಲಿ ಒಮ್ಮೆಲೇ ಊರಿನದಾಯಿತು.

"ಯವ್ವಾ, ಉಂಡೀ ಏನು?"

"ಹೂಂ."

"ನಿಮ್ಮವ್ವ ಆರಾಮ ಅದಾಳ?"

"ಅದಾಳ."

"ನಾ ಇಲ್ಲಿರೂದು..."

"ಹೇಳಿಲ್ಲ. ಹೇಳೂದೂ ಇಲ್ಲ" ಎಂದು ಅವಳು ನಡೆದುಬಿಟ್ಟಳು. ಅವನು ಅಲ್ಲೇ ನಿಂತಿದ್ದ. ಬಸ್ ಸ್ಟಾಪಿನವರೆಗೂ ಅವಳು ಅಳಲಿಲ್ಲ. ನಾನು ಏನೋ ಸಮಾಧಾನ ಹೇಳಲು ಹೋದಾಗ, "ಮೇಡಂ, ಅವ್ರು ಉಪ್ಪಿನಕಾಯಿ ಹಾಕ್ಕೊಂಡಿದ್ರು. ಮನೇಲಿದ್ದಾಗ ಮುಟ್ತಾನೇ ಇರ್ಲಿಲ್ಲ" ಎಂದಳಷ್ಟೆ.

ವಿದ್ಯಾರ್ಥಿವೇತನ ಬಂತು. ತಂದೆಯ ಒಟಿಪಿ ಸಿಕ್ಕಿತೆಂದು ತಾಯಿಗೆ ಹೇಗೆ ಹೇಳಿದಳೋ ನಾನು ಕೇಳಲಿಲ್ಲ. ಮಾರನೆಯ ವರ್ಷ ಮತ್ತೆ ಅರ್ಜಿ, ಮತ್ತೆ ಒಟಿಪಿ. ಈ ಸಲ ಅವಳು ಆಫೀಸಿನ ಮುಂದಿನ ಕಾರಿಡಾರಿನಲ್ಲಿ ನಿಂತು, ಅಪ್ಪನ ಆಟೋದ ಮೇಲೆ ಬರೆದಿದ್ದ ನಂಬರಿಗೆ ಫೋನ್ ಮಾಡಿದಳು. ಕಿಟಕಿಯಿಂದ ಕಾಣುತ್ತಿದ್ದಳು. ಬಹಳ ಹೊತ್ತು ಮಾತನಾಡಿದಳು, ನಡುವೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಒಳಗೆ ಬಂದಾಗ ಅವಳ ಮುಖ ಬೇರೆಯೇ ಆಗಿತ್ತು.

"ಅಪ್ಪ ನಂಬರ್ ತಪ್ಪು ಹೇಳಿದ್ರು ಮೇಡಂ. ಬೇಕಂತಲೇ ಅನ್ಸುತ್ತೆ. ಇನ್ನೊಂದ್ಸಲ ಕಳಿಸ್ಬೇಕಾಯ್ತು. ಅದು ಬರೋ ತನಕ ಮಾತಾಡಿದ್ವಿ. ಬಿಕಾಂ ಅಂದ್ರೆ ಏನು, ಮುಂದೆ ಏನಾಗ್ತೀಯಾ ಅಂತೆಲ್ಲಾ ಕೇಳಿದ್ರು."

ಅದಾದ ಮೇಲೆ ಅರ್ಜಿ ಯಾವಾಗ ಶುರುವಾಗುತ್ತದೆ ಎಂದು ಅವಳು ಆಗಾಗ ಬಂದು ಕೇಳುತ್ತಿದ್ದಳು. ಮಿಕ್ಕ ಮಕ್ಕಳು ಹಣ ಯಾವಾಗ ಬರುತ್ತದೆ ಎಂದು ಕೇಳುತ್ತಾರೆ. ಸುಮ್ಮನೆ ಒಮ್ಮೆ ಫೋನ್ ಮಾಡಬಾರದೇ ಎಂದು ನಾನು ಅಂದೆ. "ಏನಂತ ಮಾಡ್ಲಿ ಮೇಡಂ? ಆಂಟಿ ತಗೊಂಡ್ರೆ?" ಎಂದಳು.

ಕೊನೆಯ ವರ್ಷ ಅರ್ಜಿ ತೆರೆದ ದಿನವೇ ಬಂದಳು. ನನ್ನ ಟೇಬಲ್ಲಿನ ಎದುರಿಗೆ ಕೂತೇ ಫೋನ್ ಹಚ್ಚಿದಳು. ಆ ಕಡೆಯಿಂದ ಹೆಂಗಸಿನ ದನಿ. ನನಗೂ ಕೇಳುತ್ತಿತ್ತು.

"ಯಾರು? ಓ, ಕಾಲೇಜ್ ಹುಡುಗಿ... ಅವ್ರು ಹೋಗ್ಬಿಟ್ರಮ್ಮಾ. ಬೇಸಿಗೇಲೇ. ಎದೆ ನೋವು ಅಂದ್ರು, ಆಸ್ಪತ್ರೆ ತಲುಪೋಕೂ ಆಗ್ಲಿಲ್ಲ."

ಹುಡುಗಿ "ಸಾರಿ ಆಂಟಿ" ಎಂದಳು. ಫೋನ್ ಇಟ್ಟು ಕಂಪ್ಯೂಟರಿನ ಕಡೆ ನೋಡುತ್ತ ಕೂತಳು. ಒಟಿಪಿ ಕಳಿಸಬೇಕೇ ಎಂದು ಅದು ಇನ್ನೂ ಕೇಳುತ್ತಲೇ ಇತ್ತು. ನಾನು ಎದ್ದು ಹೋಗಿ ಅವಳ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಆಫೀಸಿನಲ್ಲಿ ಇದ್ದವರೆಲ್ಲ ನೋಡುತ್ತಿದ್ದರು.

ಈಗ ಬೇಕಾಗಿದ್ದು ಮರಣ ಪತ್ರ. ನಾನೇ ಹೋಗಿ ತರುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. ಇಬ್ಬರೂ ಅದೇ ಮನೆಗೆ ಹೋದೆವು. ಆಕೆ ಸೊರಗಿದ್ದಳು, ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಬಾಗಿಲಲ್ಲೇ ಹುಡುಗಿ ಬಿಕ್ಕಿದಾಗ, ಕುತ್ತಿಗೆಗೆ ಹಾಕಿದ್ದ ಟೇಪು ತೆಗೆದು ಪಕ್ಕಕ್ಕಿಟ್ಟು, ಅವಳನ್ನು ಒಳಗೆ ಕರೆದುಕೊಂಡು ಹೋಗಿ ಆಕೆಯೇ ಬೆನ್ನು ಸವರಿದಳು. "ಅಳ್ಬೇಡಮ್ಮಾ. ನಿಂಗೆ ತುಂಬಾ ಸಹಾಯ ಮಾಡ್ತಿದ್ರಾ?"

"ಹೂಂ ಆಂಟಿ."

ಮರಣ ಪತ್ರದ ಜೆರಾಕ್ಸ್ ಬೇಕೆಂದು ನಾನು ತಡವರಿಸಿ ಕೇಳಿದೆ. ಆಕೆ ಯಾಕೆ ಎನ್ನಲಿಲ್ಲ. ಹುಡುಗಿಯ ಮುಖವನ್ನು ಒಂದು ಗಳಿಗೆ ನೋಡಿದಳು, ಎದ್ದು ಹೋಗಿ ತಂದುಕೊಟ್ಟಳು. ಆಕೆಗೆ ಏನು ಅರ್ಥವಾಯಿತೋ ನನಗೆ ಇವತ್ತಿಗೂ ತಿಳಿಯದು.

"ಅಮ್ಮನಿಗೆ ಇನ್ನು ಹೇಳ್ಲೇಬೇಕು ಮೇಡಂ" ಎಂದು ಹೊರಗೆ ಬಂದ ಮೇಲೆ ಹುಡುಗಿ ಅಂದಳು. ಅಲ್ಲಿಂದ ಸೀದಾ ಮಾರುಕಟ್ಟೆಗೆ ಹೋದೆವು. ಮಂಡಿಯೊಂದರ ಮುಂದೆ ಗೋಣಿಚೀಲದ ಮೇಲೆ ಕೂತು ತಾಯಿ ಕೊಳೆತ ಈರುಳ್ಳಿ ಬೇರೆ ಮಾಡುತ್ತಿದ್ದಳು. ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಬಸ್ಸಿನಿಂದ ಕಂಡಿದ್ದು, ಅಂಕಲ್ ಎಂದದ್ದು, ಫೋನಿನಲ್ಲಿ ಮಾತನಾಡಿದ್ದು. ತಾಯಿಯ ಕೈಗಳು ನಿಧಾನವಾದವು, ಆಮೇಲೆ ನಿಂತವು.

"ಗೊರಗುಂಟೆಪಾಳ್ಯ ಅಂದ್ರ ಇಲ್ಲೇ ಅಲ್ಲೇನ?" ಎಂದಳು.

"ಹೌದವ್ವ."

"ಎಲ್ಲಿ ಮಣ್ಣು ಮಾಡಿದ್ರಂತ?"

ಅದನ್ನು ನಾವು ಕೇಳಿರಲಿಲ್ಲ. ಅವಳು ನನ್ನ ಕಡೆ ತಿರುಗಿದಳು. "ನಾ ಈಗ ಕುಂಕುಮ ಅಳಸ್ಬೇಕೇನ್ರಿ ಬಾಯಾರ? ಓಣ್ಯಾಗಿನವ್ರು ಯಾಕಂತ ಕೇಳಿದ್ರ ಏನ್ ಹೇಳ್ಲಿ? ಅಲ್ಲಿ ಒಬ್ಬಾಕಿ ಅದಾಳಲ್ಲ, ಆಕೀ ಹೆಸರು ಹೊರಗ ಬರ್ತೈತಿ."

ಅವಳ ಪಕ್ಕದಲ್ಲಿ ನಾನೂ ಕೂತೆ. ಒಬ್ಬ ಹಮಾಲಿ ದಾರಿ ಬಿಡಿ ಎಂದು ಕೂಗಿದಾಗ ಮೂವರೂ ಎದ್ದು ಪಕ್ಕಕ್ಕೆ ಸರಿದೆವು.

ಅರ್ಜಿ ಪಾಸಾಯಿತು. ಹುಡುಗಿ ಡಿಗ್ರಿ ಮುಗಿಸಿ ಈಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಹಬ್ಬಕ್ಕೆ ಆ ಮನೆಗೂ ಹೋಗಿ ಬರುತ್ತಾಳಂತೆ. ಈಗಲೂ ಆಂಟಿ ಎಂದೇ ಕರೆಯುತ್ತಾಳಂತೆ.

ಕಳೆದ ತಿಂಗಳು ಯಶವಂತಪುರ ಸ್ಟೇಷನ್ನಿಗೆ ಹೋದವಳು ಮಾರುಕಟ್ಟೆಯ ಕಡೆ ಹೆಜ್ಜೆ ಹಾಕಿದೆ. ತಾಯಿ ಅಲ್ಲೇ ಕೂತಿದ್ದಳು. ಹಣೆಯ ಮೇಲೆ ಕುಂಕುಮವಿತ್ತು. ನನ್ನನ್ನು ನೋಡಿ ಜಾಗ ಮಾಡಿಕೊಟ್ಟಳು.

"ಬಾಯಾರ, ಆ ಮನಿ ಸಣ್ಣ ಹುಡುಗಿ ಸಾಲಿಗೆ, ಒಂದನೇ ಕ್ಲಾಸಿಗೆ ಹೊಂಟಾಳಂತ" ಎಂದಳು. "ಅಪ್ಪ ಎಲ್ಲಿ ಅಂತ ದಿನಾ ಕೇಳ್ತಾಳಂತ, ಪಾಪ."