ರಾಶಿಯ ಮೇಲಿನ ತೇವ

ಕೊರೊನಾ ಕಳೆದ ಮರುವರ್ಷದ ಹತ್ತಿ ಸುಗ್ಗಿ. ಈಗಿನಂತೆ ಆಗಲೂ ನಾನು ಆದೋನಿಯಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಗ್ರೇಡರ್ ಆಗಿದ್ದೆ. ಹತ್ತಿಯ ಎಳೆ, ಬಣ್ಣ, ತೇವ ನೋಡಿ ದರ್ಜೆ ಹೇಳುವುದು ಗ್ರೇಡರನ ಕೆಲಸ. ಅದಕ್ಕೂ ಮೊದಲು ಒತ್ತಿ ಕಟ್ಟಿದ ಹತ್ತಿ ಬೇಲುಗಳ ಅಟ್ಟಿಯಿಂದ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದೆ. ಬಹಳ ಕಾಲ ಮನೆಯಿಂದ ಹೊರಬರಲಿಲ್ಲ. ಕಾಲು ಹೋದರೇನು, ಬೆರಳು ಇವೆಯಲ್ಲ ಎಂದು ಹೆಂಡತಿ ಬೈದು ಕಳಿಸಿದ ಮೇಲೆ ಈ ಕೆಲಸ ಹಿಡಿದೆ. ಗಾಲಿಕುರ್ಚಿಯಲ್ಲೇ ಕೂತು ಹೆಸರು ಮಾಡಿದೆ. ಮಗಳನ್ನು ಮೂರು ಚಕ್ರದ ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟು ಬರುವಷ್ಟಾದೆ.

ಒಂದು ಕೆಲಸ ಮಾತ್ರ ಮಾಡುತ್ತಿರಲಿಲ್ಲ. ನಮ್ಮ ಕಡೆ ರಾಶಿಯ ನಡುವಿಗೆ ಕೈ ಹಾಕಿ ನೋಡದೆ ಹತ್ತಿಗೆ ಬೆಲೆ ಕಟ್ಟುವುದಿಲ್ಲ. ತೇವ ಅಳೆಯುವ ಮೀಟರ್ ಬಂದ ಮೇಲೂ ಈ ವಾಡಿಕೆ ಹೋಗಿಲ್ಲ. ಕುರ್ಚಿಯ ಗಾಲಿ ಹತ್ತಿಯಲ್ಲಿ ಹೂತುಕೊಳ್ಳುವುದರಿಂದ ಹಮಾಲರು ನನ್ನನ್ನು ಎತ್ತಿ ರಾಶಿಯ ಮೇಲೆ ಮಲಗಿಸಬೇಕು. ಹತ್ತು ಮಂದಿಯ ಮುಂದೆ ಮೂಟೆಯ ಹಾಗೆ ಎತ್ತಿಸಿಕೊಳ್ಳಲು ನನಗೆ ನಾಚಿಕೆ. ಹಾಗಾಗಿ ಹಮಾಲಿ ಮೇಸ್ತ್ರಿ ಹುಸೇನಪ್ಪ ತಂದುಕೊಟ್ಟ ಹಿಡಿ ಹತ್ತಿಯನ್ನೇ ನೋಡುತ್ತಿದ್ದೆ.

ಆ ದಿನ ನಾಗಲದಿನ್ನೆಯ ರೈತ ಹೆಂಗಸು ಈರಮ್ಮನ ಹತ್ತಿ ಬಂದಿತ್ತು. ಹುಸೇನಪ್ಪ ತಂದ ಹಿಡಿ ತಣ್ಣಗಿತ್ತು. ತೇವ ಎಂದೆ. ತೇವವೆಂದರೆ ಮಾಲು ವಾಪಸ್ಸು. ಈರಮ್ಮ ಸೀದಾ ನನ್ನ ಮುಂದೆ ಬಂದು ನಿಂತಳು.

“ಮ್ಯಾಲ ಮಂಜು ಬಿದ್ದೈತಿ ತಮ್ಮಾ, ಒಳಗ ಒಣಗೈತಿ. ಯಾರೋ ತಂದಿದ್ದು ಯಾಕ ನೋಡ್ತಿ? ನೀನ ಕೈ ಹಾಕು.”

“ನನಗ ಕಾಲಿಲ್ಲಕ್ಕಾ.”

“ಕಾಲು ಯಾರು ಕೇಳ್ಯಾರ? ಕೈ ಐತಲ್ಲ!”

ಸುತ್ತಲಿನವರು ನಕ್ಕರು. ಸಿಟ್ಟಿನಲ್ಲೇ ಎತ್ತಲು ಹೇಳಿದೆ. ಹಮಾಲರು ರಾಶಿಯ ಮೇಲೆ ಬೋರಲು ಮಲಗಿಸಿದರು. ತೋಳು ಮುಳುಗುವಷ್ಟು ಕೈ ಇಳಿಸಿದೆ. ಒಳಗೆಲ್ಲ ಒಣಗಿತ್ತು, ಹುಸೇನಪ್ಪ ಅವಸರದಲ್ಲಿ ಮೇಲಿನ ಹಿಡಿ ತಂದಿದ್ದ. ಹಾಗೆಂದು ಹೇಳಲು ತಲೆಯೆತ್ತಿದರೆ ಎಲ್ಲರ ನಗು ನಿಂತುಹೋಗಿತ್ತು.

ಸೊಂಟದ ಕೆಳಗೆ ನನಗೆ ಏನೂ ತಿಳಿಯುವುದಿಲ್ಲ. ಮೂತ್ರಕ್ಕೆ ಪೈಪು, ತೊಡೆಗೆ ಕಟ್ಟಿದ ಚೀಲ. ಎತ್ತುವಾಗ ಪೈಪು ಕಳಚಿ, ಬಿಳಿ ಹತ್ತಿ ಹಳದಿಯಾಗುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹುಸೇನಪ್ಪ ಓಡಿಬಂದು ತನ್ನ ಟವಲು ಹೊದಿಸಿದ. ಅಷ್ಟರಲ್ಲಿ ಫ್ಯಾಕ್ಟರಿಯ ಸಾವುಕಾರರು ಬಂದರು. ಟವಲಿನಾಚೆ ಒದ್ದೆ ಹತ್ತಿ ಮುಟ್ಟಿ ನೋಡಿ, “ತೇವ ಐತಿ, ವಾಪಸ್ ಕಳಿಸ್ರಿ” ಎಂದರು.

ಸುಮ್ಮನಿದ್ದರೆ ಸಾವುಕಾರರ ಮುಂದಾದರೂ ನನ್ನ ಮಾನ ಉಳಿಯುತ್ತಿತ್ತು. ಅಷ್ಟು ಮಾತಾಡಿದ ಈರಮ್ಮ ಈಗ ತುಟಿ ಬಿಚ್ಚಲಿಲ್ಲ. ನನ್ನ ಮರ್ಯಾದೆ ಕಾಯಲು ಆಕೆ ತನ್ನ ಹತ್ತಿ ಬಿಟ್ಟುಕೊಡುತ್ತಿದ್ದಾಳೆಂದು ತಿಳಿದಾಗ ಮೊದಲಿನದಕ್ಕಿಂತ ಹೆಚ್ಚು ನಾಚಿಕೆಯಾಯಿತು.

“ಆ ತೇವ ನಂದ್ರಿ, ಸಾವ್ಕಾರ್ರ. ನನ್ನ ಪೈಪ್ ಕಳಚೈತಿ. ಒಳಗ ಕೈ ಹಾಕಿ ನೋಡೀನಿ, ಅಕ್ಕನ ಹತ್ತಿ ಒಣಗೈತಿ.”

ಸಾವುಕಾರರು ಕೈಯನ್ನು ಪಂಚೆಗೆ ಒರೆಸಿಕೊಂಡರು. “ಸರೇ, ತೂಕ ಹಾಕ್ರಿ” ಎಂದು ಮುಖ ತಿರುಗಿಸಿ ಹೋದರು.

ಈರಮ್ಮ ಒದ್ದೆಯಾದಷ್ಟನ್ನು ತಾನೇ ಬಾಚಿ ಬುಟ್ಟಿಗೆ ತುಂಬಿದಳು. “ನಾಕು ಕೂಸು ಸಾಕಿದಾಕಿ ನಾ. ಬಿಡು ತಮ್ಮಾ” ಎಂದಳು. ಸಮಾಧಾನಕ್ಕೆ ಹೇಳಿದ ಮಾತು. ನಾನು ಇನ್ನಷ್ಟು ಕುಗ್ಗಿದೆ.

ಅಂದಿನಿಂದ ಪ್ರತಿ ರಾಶಿಗೂ ನಾನೇ ಕೈ ಹಾಕುತ್ತೇನೆ. ರೂಢಿಯಾದರೆ ನಾಚಿಕೆ ಹೋಗುತ್ತದೆ ಎಂದು ಹೇಳುವವರಿದ್ದಾರೆ. ನನ್ನದು ಹೋಗಿಲ್ಲ, ಎತ್ತಿದಾಗಲೆಲ್ಲ ಮೈ ಹಿಡಿಯಷ್ಟಾಗುತ್ತದೆ. ಆದರೆ ನಾಚಿಕೆ ನನ್ನದು, ಹತ್ತಿ ಇನ್ನೊಬ್ಬರದು. ನನ್ನದನ್ನು ಮುಚ್ಚಿಕೊಳ್ಳಲು ಅವರದನ್ನು ಕಳೆಯುವ ಹಕ್ಕು ನನಗಿಲ್ಲ.