ಯಾರ ಪಾಳಿಯೋ ಅವರಿಗೆ ದಾರಿ

ಸ್ಕ್ವಾಷ್ ಆಟದಲ್ಲಿ ನಾನು ಮೊದಲು ಗಮನಿಸಿದ್ದು ಆಟಗಾರರನ್ನಲ್ಲ, ಗಾಜಿನ ಗೋಡೆಯ ಹಿಂದೆ ಇಟ್ಟಿದ್ದ ಎತ್ತರದ ಕುರ್ಚಿಯನ್ನು. ವಿಜಯಪುರದ ಒಂದು ಕ್ಲಬ್ಬಿನಲ್ಲಿ ಹೊಸದಾಗಿ ಸ್ಕ್ವಾಷ್ ಅಂಕಣ ಕಟ್ಟಿದ್ದರು. ಆಡುವವರು ಸಿಕ್ಕಿದ್ದರು, ತೀರ್ಪು ಕೊಡುವವರು ಸಿಕ್ಕಿರಲಿಲ್ಲ. ಹಾಗಾಗಿ ಸುತ್ತಲಿನ ಶಾಲೆಗಳ ದೈಹಿಕ ಶಿಕ್ಷಕರಿಗೆ ರೆಫರಿ ತರಬೇತಿಗೆ ಬನ್ನಿ ಎಂದು ಹೇಳಿ ಕಳಿಸಿದ್ದರು. ನಾನು ಬಬಲೇಶ್ವರದ ಒಂದು ಹೈಸ್ಕೂಲಿನ ಪಿ.ಟಿ. ಟೀಚರ್. ಹದಿನೆಂಟು ವರ್ಷ ಖೋ ಖೋ, ಕಬಡ್ಡಿಗೆ ಸೀಟಿ ಊದಿದವಳು. ಈ ವಯಸ್ಸಿನಲ್ಲಿ ಇದೇನು ಹೊಸ ಹುಚ್ಚು ಎಂದು ಸ್ಟಾಫ್ ರೂಮಿನಲ್ಲಿ ಚೇಷ್ಟೆ ಮಾಡಿದರು. ಆ ಕುರ್ಚಿಯಲ್ಲಿ ಕೂತರೆ ಏನು ಕಾಣುತ್ತದೆ ಎಂಬ ಕುತೂಹಲ ಬಿಟ್ಟರೆ ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ.

ನಮ್ಮ ಮನೆ ತಿಕೋಟಾದಲ್ಲಿ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ವಿಜಯಪುರಕ್ಕೆ ಬಂದು, ಗಾಂಧಿ ಚೌಕದ ಗದ್ದಲದಲ್ಲಿ ಆಟೋ ಹಿಡಿದು ತರಬೇತಿಗೆ ಹೋಗುತ್ತಿದ್ದೆ. ಮೊದಲ ದಿನವೇ ಆಟದ ವಿಚಿತ್ರ ಗೊತ್ತಾಯಿತು. ಕಬಡ್ಡಿಯಲ್ಲಿ ನಡುವೆ ಗೆರೆ ಇದೆ, ಆಚೆ ಅವರು, ಈಚೆ ಇವರು. ಇಲ್ಲಿ ಗೆರೆಯೂ ಇಲ್ಲ, ಬಲೆಯೂ ಇಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ನಿಂತು ಎದುರಿನ ಗೋಡೆಗೆ ಪಾಳಿಯ ಮೇಲೆ ಚೆಂಡು ಹೊಡೆಯಬೇಕು. ಹೊಡೆದವರು ತಕ್ಷಣ ಸರಿದು ಇನ್ನೊಬ್ಬರಿಗೆ ದಾರಿ ಬಿಡಬೇಕು. ಬಿಡದಿದ್ದರೆ ಅಡ್ಡಿಯಾದವರು ಆಟ ನಿಲ್ಲಿಸಿ 'ಲೆಟ್ ಪ್ಲೀಸ್' ಎಂದು ರೆಫರಿಯ ಕಡೆ ನೋಡುತ್ತಾರೆ.

ಆಗ ರೆಫರಿ ಹೇಳುವುದು ಮೂರರಲ್ಲಿ ಒಂದು. 'ಲೆಟ್' ಅಂದರೆ ಆ ಪಾಯಿಂಟನ್ನು ಮತ್ತೆ ಆಡಿ. 'ಸ್ಟ್ರೋಕ್' ಅಂದರೆ ಅಡ್ಡ ನಿಂತದ್ದು ತಪ್ಪು, ಲೆಟ್ ಕೇಳಿದವರಿಗೆ ಪಾಯಿಂಟು. 'ನೋ ಲೆಟ್' ಅಂದರೆ ಕೇಳಿದ್ದೇ ತಪ್ಪು, ಪಾಯಿಂಟು ಎದುರಿನವರಿಗೆ. ಇಷ್ಟೇ. ನಿಯಮಗಳ ಪರೀಕ್ಷೆ ಮೊಬೈಲಿನಲ್ಲೇ ನಡೆಯಿತು, ಆರಾಮಾಗಿ ಪಾಸಾದೆ. ಉಳಿದದ್ದು ಪರೀಕ್ಷಕರ ಎದುರು ಮೂರು ಆಟಗಳಿಗೆ ರೆಫರಿಯಾಗುವುದು. ಅದರಲ್ಲಿ ಗೆದ್ದರೆ ಮೊದಲ ಹಂತದ ಮಾನ್ಯತೆ.

ಬೆಳಗಾವಿ ಕಡೆಯಿಂದ ಒಬ್ಬ ಪರೀಕ್ಷಕಿ ಬಂದಿದ್ದರು. ನನ್ನ ಮೊದಲ ಆಟದಲ್ಲಿ ಒಂದು ಕಡೆ ಊರಿನ ಹಿರಿಯ ವಕೀಲರು, ಇನ್ನೊಂದು ಕಡೆ ಕಾಲೇಜು ಹುಡುಗಿ. ವಕೀಲರು ಹೊಡೆದು ಅಲ್ಲೇ ನಿಂತುಬಿಡುತ್ತಿದ್ದರು. ಹುಡುಗಿ ಅವರ ಬೆನ್ನ ಹಿಂದೆ ಸಿಕ್ಕಿಕೊಂಡು 'ಲೆಟ್ ಪ್ಲೀಸ್' ಅನ್ನುತ್ತಿದ್ದಳು. ನಾನು ಪ್ರತಿ ಸಲವೂ ಲೆಟ್ ಕೊಟ್ಟೆ. ಯಾರಿಗೂ ಬೇಜಾರಿಲ್ಲ, ಮತ್ತೆ ಆಡಲಿ. ವಕೀಲರಿಗೆ ಹೇಳುವಾಗ 'ಲೆಟ್ ರೀ ಸರ್' ಎಂದು ರೀ ಕೂಡ ಹಚ್ಚಿದೆ. ಮುಗಿದಾಗ ಎಲ್ಲರೂ ನಗುತ್ತ ಹೊರಬಂದರು, ನನಗೂ ಖುಷಿಯಾಯಿತು.

ಪರೀಕ್ಷಕಿ ಮಾತ್ರ ನಗಲಿಲ್ಲ. ಪಕ್ಕದ ಬೆಂಚಿಗೆ ಕರೆದು ಕೂರಿಸಿಕೊಂಡು, "ನೀವು ತೀರ್ಪ ಕೊಡ್ಲಿಲ್ರಿ, ಸಮಾಧಾನ ಮಾಡಿದ್ರಿ," ಅಂದರು. "ಇಲ್ಲಿ ಹಿರೇರು ಕಿರೇರು ಇಲ್ಲ. ಯಾರ ಪಾಳಿನೋ ಅವರಿಗೆ ದಾರಿ."

ಉಳಿದೆರಡು ಆಟ ಕೊಡದೆ, ಮೂರು ವಾರ ಬಿಟ್ಟು ಮತ್ತೆ ಬರಲು ಹೇಳಿದರು. ಅದು ಕೊನೆಯ ಅವಕಾಶ. ನನಗೆ ಮೈ ಉರಿಯಿತು. ಮಕ್ಕಳ ಎದುರು ಸೀಟಿ ಊದಿ ಕೈ ತೋರಿಸಿದರೆ ಎದುರು ಮಾತಾಡುವವರಿಲ್ಲ, ಅಂಥವಳಿಗೆ ತೀರ್ಪು ಕೊಡಲು ಬರುವುದಿಲ್ಲವೇ? ಬಸ್ಸಿನಲ್ಲಿ ತಿಕೋಟಾ ಮುಟ್ಟುವವರೆಗೂ ಗೊಣಗಿದೆ. ಇಳಿಯುವ ಹೊತ್ತಿಗೆ, ಅವರು ಹೇಳಿದ್ದು ನಿಜ ಎಂದು ಒಪ್ಪಿಕೊಳ್ಳಬೇಕಾಯಿತು. ದೊಡ್ಡವರ ಎದುರು ನನಗೆ ನಾಲಿಗೆಯೇ ಹೊರಳುವುದಿಲ್ಲ.

ಮನೆಯಲ್ಲೇ ಅದಕ್ಕೆ ಸಾಕ್ಷಿ ಇತ್ತು. ನನ್ನ ಅತ್ತೆಯ ಬಲಗೈ ಮೇಲೆ ಮೊಣಕೈವರೆಗೆ ಸುಟ್ಟ ಕಲೆ. ಘೋಣಸಗಿಯ ಕೂಡು ಮನೆಯಲ್ಲಿ, ನಾನು ಸೊಸೆಯಾಗಿ ಬರುವ ಮುಂಚೆ ಆದದ್ದು. ಒಂದು ಹೋಳಿಗೆಯ ದಿನ ಅವರ ನೆಗೆಣ್ಣಿ, ಅಂದರೆ ಈಗಲೂ ಅಲ್ಲೇ ಇರುವ ನನ್ನ ಚಿಕ್ಕತ್ತೆ, ಕುದಿಯುವ ಕಟ್ಟಿನ ಸಾರಿನ ಬೋಗಾಣಿ ಹಿಡಿದು ಅಡುಗೆಮನೆಯಿಂದ ಹೊರಬರುವಾಗ ಬಾಗಿಲಲ್ಲಿ ಇಬ್ಬರೂ ಡಿಕ್ಕಿ ಹೊಡೆದುಕೊಂಡರು. ಕಣ್ಣಿಲ್ಲದವಳಂತೆ ಮೈಮೇಲೆ ಬಂದಳು ಎಂಬುದು ಅತ್ತೆಯ ದೂರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮದುವೆ ಮುಂಜಿಯಲ್ಲಿ ಬೇರೆ ಬೇರೆ ಸಾಲಿನಲ್ಲಿ ಊಟಕ್ಕೆ ಕೂರುತ್ತಾರೆ. ಕಥೆ ಹೇಳಿದಾಗಲೆಲ್ಲ ಅತ್ತೆ ತಪ್ಪು ಯಾರದು ಎಂದು ನನ್ನನ್ನು ಕೇಳುವರು. ಯಾರದೂ ಅಲ್ಲ, ಗ್ರಹಚಾರ ಅನ್ನುವೆ. ನಾನು ಈ ಮನೆಗೆ ಬಂದಾಗಿನಿಂದ ಕೊಟ್ಟದ್ದೂ ಲೆಟ್ಟೇ.

ಆ ಮೂರು ವಾರ ಶಾಲೆಯಿಂದ ಬಂದವಳೇ ಮೊಬೈಲಿನಲ್ಲಿ ಸ್ಕ್ವಾಷ್ ಆಟದ ವಿಡಿಯೋ ಹಚ್ಚಿಕೊಂಡು ಕೂರುತ್ತಿದ್ದೆ. ಅಡ್ಡಿಯಾದಲ್ಲಿ ನಿಲ್ಲಿಸಿ, ನನ್ನ ತೀರ್ಪು ಬರೆದುಕೊಂಡು, ಅಲ್ಲಿನ ರೆಫರಿಯದಕ್ಕೆ ತಾಳೆ ನೋಡುವುದು. ಅರ್ಧಕ್ಕರ್ಧ ತಪ್ಪು. ಕಾಳು ಹಸನು ಮಾಡುತ್ತ ಅತ್ತೆಯೂ ಪಕ್ಕದಲ್ಲಿ ಕೂರತೊಡಗಿದರು. ಇಬ್ಬರು ಹೆಂಗಸರು ಗೋಡೆ ಬಡಿಯುವುದನ್ನು ಇಷ್ಟು ಕಣ್ಣರಳಿಸಿ ನೋಡುವುದೇನಿದೆ ಎಂದು ಮೊದಲು ನಕ್ಕರು. ನಾಲ್ಕನೇ ದಿನ ಕಾಳಿನ ಮೊರವನ್ನು ಬದಿಗಿಟ್ಟು ಮೊಬೈಲಿನ ಮೇಲೆ ಬೆರಳಿಟ್ಟರು.

"ನೀ ಚೆಂಡ ಯಾಕ ನೋಡ್ತಿ? ಕಾಲ ನೋಡು. ಈಕಿ ಭುಜ ಅಷ್ಟ ಸರಿಸ್ಯಾಳ, ಕಾಲ ಸರಿಸಿಲ್ಲ. ಸರದಂಗ ಮಾಡ್ಯಾಳ."

ಮತ್ತೆ ನೋಡಿದೆ. ನಿಜ. ರೆಫರಿಯೂ ಸ್ಟ್ರೋಕ್ ಕೊಟ್ಟಿದ್ದ. ನಿಯಮದ ಪುಸ್ತಕದಲ್ಲಿ ಸರಿಯಲು ಪೂರ್ತಿ ಪ್ರಯತ್ನ ಮಾಡಿರಬೇಕು ಎಂದು ಬರೆದಿದೆ, ಆ ಪ್ರಯತ್ನ ಎಲ್ಲಿ ಕಾಣುತ್ತದೆ ಎಂದು ಬರೆದಿಲ್ಲ. ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ, ಹತ್ತು ಮಂದಿ ಹೆಂಗಸರಿರುವ ಅಡುಗೆಮನೆಯಲ್ಲಿ ಬಾಳಿದವಳಿಗೆ ಇಷ್ಟೂ ಗೊತ್ತಾಗುವುದಿಲ್ಲವೇ ಅಂದರು. ಆಮೇಲೆ ಇಬ್ಬರಿಗೂ ಪೈಪೋಟಿ ಬಿತ್ತು. ಹೆಚ್ಚು ಸಲ ಅತ್ತೆಯೇ ಗೆಲ್ಲುತ್ತಿದ್ದರು.

ಎರಡನೇ ಪರೀಕ್ಷೆಯ ಕೊನೆಯ ಆಟದಲ್ಲಿ ಮತ್ತೆ ಅದೇ ವಕೀಲರು. ಹತ್ತು ಒಂಬತ್ತು, ಎದುರಿನವರಿಗೆ ಗೆಲ್ಲಲು ಒಂದೇ ಪಾಯಿಂಟು ಬೇಕು. ವಕೀಲರು ಹೊಡೆದರು, ಭುಜ ತಿರುಗಿಸಿದರು, ಬಿಳಿ ಬೂಟು ನಿಂತಲ್ಲೇ ಇತ್ತು. 'ಲೆಟ್ ಪ್ಲೀಸ್' ಎಂಬ ದನಿ ಬಂತು. "ಸ್ಟ್ರೋಕ್," ಅಂದೆ. ಅಲ್ಲಿಗೆ ಆಟ ಮುಗಿಯಿತು. ವಕೀಲರು ಗಾಜಿನ ಹತ್ತಿರ ಬಂದು ಯಾಕೆ ಎಂದು ಕೇಳಿದರು. ಕಾಲು ಸರಿಯಲಿಲ್ಲ ಎಂದೆ. ತಮ್ಮ ಬೂಟನ್ನು ನೋಡಿಕೊಂಡು, ಎದುರಿನವರ ಕೈ ಕುಲುಕಿ ಹೊರಟುಹೋದರು. ಪರೀಕ್ಷಕಿ ಹಾಳೆಯ ಮೇಲೆ ಸಹಿ ಮಾಡಿದರು.

ಪ್ರಮಾಣಪತ್ರ ಮೊಬೈಲಿಗೇ ಬಂತು. ಮನೆಗೆ ಹೋದವಳೇ ಅತ್ತೆಗೆ ತೋರಿಸಿದೆ. ಅವರು ಅದರಲ್ಲಿನ ನನ್ನ ಫೋಟೋ ನೋಡಿ, ಎದ್ದು ಒಳಗೆ ಹೋಗಿ, ಖಾಲಿ ಬೋಗಾಣಿ ತಂದು ನನ್ನ ಕೈಗೆ ಕೊಟ್ಟರು.

"ಈಗ ನೀ ಖರೇ ರೆಫರಿ. ಈಗ ಹೇಳು, ತಪ್ಪು ಯಾರದು? ನಾ ಹಿಂಗ ನಿಂತಿದ್ನಿ. ಆಕಿ 'ಅತ್ತಾಗ ಸರಿ ಅಕ್ಕಾ' ಅಂದ್ಲು. ನಾ ಹಿಂಗ ಸರದ್ನಿ."

ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಭುಜ ತಿರುಗಿಸಿ ತೋರಿಸಿದರು. ನನ್ನ ಕಣ್ಣು ತಾನಾಗಿಯೇ ಕೆಳಗೆ ಹೋಯಿತು. ಕಾಲುಂಗುರದ ಎರಡೂ ಪಾದ ಹೊಸ್ತಿಲ ಮೇಲೇ ಇದ್ದವು. ನಾನು ಎಲ್ಲಿ ನೋಡುತ್ತಿದ್ದೇನೆ ಎಂದು ಅವರೂ ನೋಡಿದರು. ಲೆಟ್ ಅನ್ನಲು ಈಗಲೂ ದಾರಿ ಇತ್ತು. ಆದರೆ ಘೋಣಸಗಿಯಲ್ಲಿ ಒಬ್ಬರು ಇಷ್ಟು ವರ್ಷ ಇನ್ನೊಬ್ಬರ ಕೈ ಸುಟ್ಟವಳು ಎನ್ನಿಸಿಕೊಂಡು ಬದುಕುತ್ತಿದ್ದರು.

"ನಿಮ್ಮದ ರೀ ಅತ್ತಿ," ಅಂದೆ.

"ನಾ ಹಿರೇಸೊಸಿ. ಆಕಿ ನಿಂದ್ರಬೇಕಿತ್ತು."

"ಕೈಯಾಗ ಕುದಿಯೋ ಬೋಗಾಣಿ ಇತ್ತಲ್ರಿ. ಪಾಳಿ ಅವರದಿತ್ತು."

ಅತ್ತೆ ಬೋಗಾಣಿ ಇಸಿದುಕೊಂಡು ಒಳಗೆ ಹೋದರು. ಎರಡು ದಿನ ನನ್ನ ಪಕ್ಕ ಕೂರಲೇ ಇಲ್ಲ. ಊಟಕ್ಕೆ ಕರೆದರೆ ಆಮೇಲೆ ಅನ್ನುವರು. ಆ ಪ್ರಮಾಣಪತ್ರವನ್ನು ಅಳಿಸಿ ಹಾಕಿಬಿಡಲೇ ಎನ್ನಿಸುವಷ್ಟು ಸಂಕಟವಾಯಿತು.

ಮೂರನೇ ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಅಡ್ಡ ಬಂದು, ಚಿಕ್ಕತ್ತೆಗೆ ಫೋನು ಹಚ್ಚಲು ಹೇಳಿದರು. ಅತ್ತೆಗೆ ಕಿವಿ ಮಂದ, ಸ್ಪೀಕರ್ ಹಾಕಿ ಕೈಗೆ ಕೊಟ್ಟೆ. ಆ ಕಡೆಯಿಂದ ಯಾರು ಎಂಬ ದನಿ ಬಂತು. ಅತ್ತೆ ಹೆಸರು ಹೇಳಲಿಲ್ಲ.

"ಅವತ್ತ ನಾ ಸರದಿದ್ದಿಲ್ಲ," ಅಂದರು.

ಫೋನು ಕಟ್ಟಾಯಿತೇನೋ ಎಂದು ನಾನು ಬಗ್ಗಿ ನೋಡಿದೆ. ಆಮೇಲೆ ಚಿಕ್ಕತ್ತೆ ಕೇಳಿದರು.

"ಕೈ ಹೆಂಗ ಐತಿ ಅಕ್ಕಾ ಈಗ?"

ಅತ್ತೆ ಸೆರಗು ಸರಿಸಿ, ಕಲೆ ಬಿದ್ದ ತೋಳನ್ನು ಮೊಬೈಲಿನ ಎದುರು ಹಿಡಿದು ತೋರಿಸಿದರು. ಅದು ವಿಡಿಯೋ ಕಾಲ್ ಅಲ್ಲ ಎಂದು ನಾನು ಹೇಳಲಿಲ್ಲ.